ಕಾರ್ಗೋ ಗೇಟಿನ ನಿಧಾನಣ್ಣ

ನಿಧಾನಣ್ಣ ಎಂದರೆ ಕಾರ್ಗೋ ಗೇಟಿನಲ್ಲಿ ಕಾವಲಿನವನಿಂದ ಹಿಡಿದು ಚಹಾ ಮಾರುವವಳ ತನಕ ಎಲ್ಲರಿಗೂ ಗೊತ್ತು. ಹೆತ್ತವರು ಇಟ್ಟ ಹೆಸರು ಒಂದು ಇದ್ದೇ ಇತ್ತು. ಅದು ಅವನ ಡ್ರೈವಿಂಗ್ ಲೈಸೆನ್ಸಿನಲ್ಲಿ ಬೆಚ್ಚಗೆ ಮಲಗಿತ್ತು, ಯಾರೂ ಅದನ್ನು ಎಬ್ಬಿಸಲು ಹೋಗುತ್ತಿರಲಿಲ್ಲ. ಅವನ ವ್ಯಾನು ರಸ್ತೆಯಲ್ಲಿ ಹೋಗುತ್ತಿದ್ದರೆ ಸೈಕಲ್ಲಿನವರು ಕೂಡ ಹಿಂದಿನಿಂದ ಗಂಟೆ ಬಾರಿಸಿ ಮುಂದೆ ದಾಟುತ್ತಿದ್ದರು. ಗುಂಡಿ ಕಂಡರೆ ನಿಲ್ಲಿಸಿ, ಗುಂಡಿಯ ಕ್ಷೇಮಸಮಾಚಾರ ವಿಚಾರಿಸಿಕೊಂಡು, ಆಮೇಲೆ ಒಂದೊಂದೇ ಚಕ್ರ ಇಳಿಸುವ ಪೈಕಿ ಅವನು.

“ಸ್ವಲ್ಪ ಕಾಲು ಒತ್ತಣ್ಣ, ಇಲ್ಲೇ ಗಾಡಿಗೆ ಮುಪ್ಪು ಬರ್ತಾ ಇದೆ,” ಎಂದು ಕಾವಲಿನವನು ಛೇಡಿಸಿದರೆ, “ನನ್ನ ಗಿರಾಕಿಗಳಿಗೇ ಇಲ್ಲದ ಅವಸರ ನಿನಗ್ಯಾಕಪ್ಪ?” ಎನ್ನುತ್ತಿದ್ದ.

ಅವನ ಗಿರಾಕಿಗಳು ಪೆಟ್ಟಿಗೆಯಲ್ಲಿ ಬರುವವರು. ಹೊರದೇಶಕ್ಕೆ ದುಡಿಯಲು ಹೋಗಿ ಅಲ್ಲೇ ಕಣ್ಣು ಮುಚ್ಚಿದವರನ್ನು ವಿಮಾನದ ಹೊಟ್ಟೆಯೊಳಗೆ ಇಟ್ಟು ಕಳಿಸುತ್ತಾರೆ. ಮೇಲಿನ ಬಾಗಿಲಿನಿಂದ ಇಳಿದವರು ಮುಂದಿನ ಗಾಜಿನ ಕಟ್ಟಡಕ್ಕೆ ಹೋಗುತ್ತಾರೆ, ಅಲ್ಲಿ ಅಪ್ಪಿಕೊಳ್ಳುವುದು, ಹೂವು, ಫೋಟೋ. ಕೆಳಗಿನ ಬಾಗಿಲಿನಿಂದ ಇಳಿದದ್ದು ಹಿಂದಿನ ತಗಡಿನ ಶೆಡ್ಡಿಗೆ ಬರುತ್ತದೆ. ಅಲ್ಲಿ ಟಿವಿ ಡಬ್ಬಗಳು, ಔಷಧಿಯ ಮೂಟೆಗಳು, ಯಂತ್ರದ ಬಿಡಿಭಾಗಗಳ ಜೊತೆ ಇವರೂ ಸರದಿಯಲ್ಲಿ ನಿಲ್ಲಬೇಕು. ಗುಮಾಸ್ತ ಮುದ್ರೆ ಒತ್ತಿದ ಮೇಲೆ ನಿಧಾನಣ್ಣ ವ್ಯಾನನ್ನು ಹಿಂದಕ್ಕೆ ತಂದು ನಿಲ್ಲಿಸುತ್ತಾನೆ. ಅಲ್ಲಿಂದ ಆ ಮನುಷ್ಯನ ಮನೆಯ ಬಾಗಿಲ ತನಕ ಅವನ ಜವಾಬ್ದಾರಿ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದೇ ಅವನ ಅನ್ನ.

ಈ ಕೆಲಸದಲ್ಲಿ ಕಷ್ಟ ಯಾವುದು ಎಂದು ಕೇಳಿದರೆ ಹೆಣ ಹೊರುವುದು ಎನ್ನುತ್ತಿರಲಿಲ್ಲ ಅವನು. “ಕಾಯೋದು,” ಎನ್ನುತ್ತಿದ್ದ. ಮನೆಯವರು ಬೆಳಗ್ಗೆಯೇ ಬಂದು ಗೇಟಿನ ಹೊರಗೆ ಮಣ್ಣಿನಲ್ಲಿ ಕೂರುತ್ತಾರೆ. ಎದುರಿಗೆ ತಗಡಿನ ಗೋಡೆ. ನೋಡಲು ಏನೂ ಇಲ್ಲ, ಮಾಡಲು ಏನೂ ಇಲ್ಲ. ಹೀಗೆ ಕೂತಿದ್ದ ಒಬ್ಬ ಮುದುಕ ಒಂದು ದಿನ ಅವನನ್ನು ಕೇಳಿದ: “ಈಗ ಎಲ್ಲಿರಬಹುದಪ್ಪ ನಮ್ಮ ಹುಡುಗ?”

ಕಾರ್ಗೋ ಗುಮಾಸ್ತ ಬೇಸರ ಕಳೆಯಲು ಫೋನಿನಲ್ಲಿ ನೋಡುತ್ತಿದ್ದ ಒಂದು ಭೂಪಟ ನಿಧಾನಣ್ಣನಿಗೆ ನೆನಪಾಯಿತು. ಆಕಾಶದಲ್ಲಿ ಹಾರುವ ಅಷ್ಟೂ ವಿಮಾನಗಳು ಅದರಲ್ಲಿ ಕಾಣುತ್ತವೆ, ಹಳದಿ ಬಣ್ಣದ ಸಣ್ಣ ಸಣ್ಣ ವಿಮಾನಗಳು, ಮುಟ್ಟಿದರೆ ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗುತ್ತದೆ ಎಂದು ತೋರಿಸುತ್ತವೆ. ಅದನ್ನು ತನ್ನ ಫೋನಿಗೆ ಹಾಕಿಸಿಕೊಂಡು, ಮುದುಕನ ಮಗ ಬರುತ್ತಿದ್ದ ವಿಮಾನವನ್ನು ಹುಡುಕಿ ತೋರಿಸಿದ. “ಇಗೋ, ನೀರು ದಾಟ್ತಾ ಇದ್ದಾನೆ.” ಮುದುಕ ಫೋನನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ವಿಮಾನ ಇಳಿಯುವ ತನಕ ಹಿಂದಕ್ಕೆ ಕೊಡಲಿಲ್ಲ. ನೀರು ಮುಗಿದು ನೆಲ ಬಂದಾಗ ಅವನ ಉಸಿರು ಸಡಿಲವಾದದ್ದು ನಿಧಾನಣ್ಣನಿಗೆ ಕೇಳಿಸಿತು.

ಅಂದಿನಿಂದ ಇದೊಂದು ಪದ್ಧತಿಯೇ ಆಗಿಹೋಯಿತು. ವ್ಯಾನಿನ ಸ್ಟೇರಿಂಗ್ ಪಕ್ಕ ಫೋನು ಸಿಕ್ಕಿಸಲು ಒಂದು ಕ್ಲಿಪ್ಪು ಹಾಕಿಸಿದ. ಮನೆಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಫೋನನ್ನು ಅವರ ಕಡೆ ತಿರುಗಿಸಿ, ತಾನು ಇಳಿದು ಹೋಗುತ್ತಿದ್ದ. ಜನ ಅದರ ಜೊತೆ ಮಾತಾಡುತ್ತಿದ್ದರು. ಬೈಯುತ್ತಿದ್ದರು. ಒಬ್ಬಳು ತಂಗಿ ಅಣ್ಣನಿಗೆ ಬಾಲ್ಯದ ಒಂದು ಜಗಳವನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿ, ತಪ್ಪು ನಿನ್ನದೇ ಎಂದು ತೀರ್ಪನ್ನೂ ಕೊಟ್ಟುಬಿಟ್ಟಳಂತೆ.

ಆ ಭೂಪಟದ ಮೂಲೆಯಲ್ಲಿ ಒಂದು ಪಟ್ಟಿ ಬರುತ್ತದೆ. ಲೋಕದ ಜನ ಈ ಹೊತ್ತು ಅತಿ ಹೆಚ್ಚು ನೋಡುತ್ತಿರುವ ನಿಲ್ದಾಣಗಳು ಎಂದು. ಅಲ್ಲೆಲ್ಲ ಹಳದಿ ವಿಮಾನಗಳು ಬೆಲ್ಲಕ್ಕೆ ಮುತ್ತಿದ ಇರುವೆಗಳ ಹಾಗೆ ಒಂದರ ಮೇಲೊಂದು. ಗುಮಾಸ್ತನಿಗೆ ಅದರ ಹುಚ್ಚು. ಎರಡು ಅಂತಸ್ತಿನ ವಿಮಾನ ಎಲ್ಲಿ ಇಳಿಯುತ್ತದೆ, ಬೇಲಿಯ ಹೊರಗೆ ಏಣಿ ಹಾಕಿಕೊಂಡು ಜನ ಎಲ್ಲಿ ಫೋಟೋ ತೆಗೆಯುತ್ತಾರೆ, ಯಾವ ಓಡುದಾರಿ ಸಮುದ್ರದಲ್ಲೇ ಮುಗಿಯುತ್ತದೆ ಎಂದು ಬಾಯಿಪಾಠ ಒಪ್ಪಿಸುತ್ತಿದ್ದ. ನಿಧಾನಣ್ಣನಿಗೂ ಆ ನಿಲ್ದಾಣಗಳೆಲ್ಲ ಗೊತ್ತು, ಬೇರೆ ಲೆಕ್ಕದಲ್ಲಿ. ಇದರಲ್ಲಿ ಪೆಟ್ಟಿಗೆಯನ್ನು ಬೇಗ ದಾಟಿಸುತ್ತಾರೆ. ಅದರಲ್ಲಿ ಮಂಜು ಬಿದ್ದರೆ ಎರಡು ದಿನ ಮಾತಿಲ್ಲ. ಇನ್ನೊಂದರಲ್ಲಿ ಶೆಡ್ಡಿಗೆ ಜಾಗವಿಲ್ಲ, ಬಿಸಿಲಿನಲ್ಲಿ ಬಿಟ್ಟಿರುತ್ತಾರೆ.

“ನೀನೂ ಪ್ರಪಂಚ ತಿಳ್ಕೊಂಡೆ ಬಿಡಣ್ಣ,” ಎಂದ ಗುಮಾಸ್ತ ಒಮ್ಮೆ.

“ಹೂಂ. ಹಿತ್ತಿಲ ಕಡೆಯಿಂದ.”

ಇಲ್ಲಿ ಒಂದು ಮಾತು ತಿಳಿದುಕೊಳ್ಳಬೇಕು. ಭೂಪಟ ವಿಮಾನವನ್ನು ತೋರಿಸುತ್ತದೆ, ಅದರ ಹೊಟ್ಟೆಯಲ್ಲಿ ಏನಿದೆ ಎಂದು ತೋರಿಸುವುದಿಲ್ಲ. ಪ್ರಯಾಣಿಕರ ಸೂಟ್‌ಕೇಸು ಹೆಚ್ಚಾದರೆ, ಹೂವಿನ ಬುಟ್ಟಿಯೋ ಮೀನಿನ ಡಬ್ಬವೋ ತುರ್ತಾಗಿ ಹೋಗಬೇಕಿದ್ದರೆ, ತೂಕ ಮೀರಿತೆಂದು ಮೊದಲು ಇಳಿಸುವುದು ಈ ಪೆಟ್ಟಿಗೆಯನ್ನೇ. ಅದು ತಕರಾರು ಮಾಡುವುದಿಲ್ಲವಲ್ಲ. ಹಾಗಾಗಿ ನಿಧಾನಣ್ಣ ಭೂಪಟ ತೆರೆಯುವ ಮುಂಚೆ ಯಾವತ್ತೂ ಒಂದು ಫೋನು ಮಾಡುತ್ತಿದ್ದ. ವಿಮಾನ ಬದಲಿಸುವ ದೊಡ್ಡ ನಿಲ್ದಾಣದಲ್ಲಿ ನಮ್ಮ ಭಾಷೆಯ ಒಬ್ಬ ಏಜೆಂಟ್ ಇದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಮಾತು ಎರಡೇ.

“ಪೆಟ್ಟಿಗೆ ಹತ್ತಿತಾ?”

“ತಡಿ, ನೋಡಿ ಬರ್ತೀನಿ.” ಶೆಡ್ಡಿಗೆ ಹೋಗಿ, ಕಣ್ಣಾರೆ ನೋಡಿ ಬಂದು, “ಹತ್ತಿತು.”

ಅದನ್ನು ಕೇಳಿದ ಮೇಲಷ್ಟೇ ಫೋನು ಕ್ಲಿಪ್ಪಿಗೆ ಬೀಳುತ್ತಿತ್ತು. ಹತ್ತಿಲ್ಲ ಎಂದರೆ, ನಾಳೆ ಬರುತ್ತಾನೆ, ಮನೆಗೆ ಹೋಗಿ ಬನ್ನಿ ಎಂದು ಕಳಿಸುತ್ತಿದ್ದ. ಈ ಪದ್ಧತಿ ಗುಮಾಸ್ತನೊಬ್ಬನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಪೆಟ್ಟಿಗೆಯನ್ನು ಬಿಟ್ಟು ಬರುವುದೂ ಉಂಟು ಎಂದು ಮನೆಯವರಿಗೆ ಗೊತ್ತಾಗಿ ಆಗುವುದೇನಿದೆ?

ಮಗಳು ಸಣ್ಣವಳಿದ್ದಾಗಲೇ ಅವನ ಹೆಂಡತಿ ತೀರಿಕೊಂಡಿದ್ದಳು. ಮಗಳು ಶಾಲೆ ಬಿಟ್ಟವಳು ನೇರ ಕಾರ್ಗೋ ಗೇಟಿಗೆ ಬಂದು, ವ್ಯಾನಿನ ಮುಂದಿನ ಸೀಟಿನಲ್ಲಿ ಮನೆಪಾಠ ಬರೆದು, ಅಲ್ಲೇ ನಿದ್ದೆ ಮಾಡಿ ದೊಡ್ಡವಳಾದಳು. ಪರದೆ ಹೊಲಿಯುವ ಕಾರ್ಖಾನೆಗೆ ಸೇರಿದಳು. ಅಲ್ಲಿಗೆ ಕಿಟಕಿಯ ಅಳತೆ ತೆಗೆದುಕೊಂಡು ಬರುತ್ತಿದ್ದ ಗಾಜು ಕೂರಿಸುವವನೊಬ್ಬನನ್ನು ಮೆಚ್ಚಿದಳು. ನಿಧಾನಣ್ಣನಿಗೆ ಹುಡುಗ ಒಪ್ಪಿಗೆಯಾದ. ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದ, ಮುಂದಿನ ಒಂದು ಹಲ್ಲು ಮುರಿದಿತ್ತು.

ಒಪ್ಪಿಗೆಯಾಗದೆ ಹೋದದ್ದು ಹುಡುಗನ ತಾಯಿಗೆ. ಅವಳು ಶಾಲೆಯೊಂದರಲ್ಲಿ ಆಯಾ. ಮಕ್ಕಳ ಮೂಗು ಒರೆಸಿ, ಕಕ್ಕಸು ತೊಳೆದು, ಒಬ್ಬನೇ ಮಗನನ್ನು ಸಾಕಿದವಳು. ಮಾತು ಚೂಪು. “ಹೆಣದ ಗಾಡಿಯವರ ಮನೆ ಹೆಣ್ಣೇ ಬೇಕಾಗಿತ್ತಾ ನಿನಗೆ?” ಎಂದು ಮಗನ ಎದುರಿಗೇ, ಸೊಸೆಯಾಗುವವಳ ಎದುರಿಗೇ ಕೇಳಿದವಳು. ಬೀಗತನ ಆದ ಮೇಲೂ ಅಷ್ಟೇ. ನಿಧಾನಣ್ಣ ಮಗಳನ್ನು ನೋಡಲು ಬಂದರೆ ಕಿಟಕಿಯಿಂದಲೇ ಕೂಗುತ್ತಿದ್ದಳು: “ಬೀಗರೇ, ನೀವು ಬನ್ನಿ, ನಿಮ್ಮ ಗಾಡಿ ಬೇಡ. ಬೀದಿ ತುದೀಲಿ ಬಿಟ್ಟು ಬನ್ನಿ.” ಅವನು ಬೀದಿಯ ತುದಿಯಲ್ಲಿ ಬಿಟ್ಟು, ನಡೆದು ಬರುತ್ತಿದ್ದ. ಅವಳು ಚಹಾ ಕೊಡುತ್ತಿದ್ದಳು, ಒಳ್ಳೆಯ ಚಹಾವೇ. ಕೊಡುವಾಗ ಮಾತ್ರ ಮುಖ ಬೇರೆ ಕಡೆ.

ಮದುವೆಯಾದ ವರ್ಷದೊಳಗೆ ಹುಡುಗ ಹೊರದೇಶಕ್ಕೆ ಹೋದ. ಅಲ್ಲಿ ಎತ್ತರದ ಕಟ್ಟಡಗಳಿಗೆ ಗಾಜು ಕೂರಿಸುವವರು ಬೇಕಿತ್ತು. ಎರಡು ವರ್ಷ ದುಡಿದು ಬಂದು ಸ್ವಂತದ್ದೊಂದು ಗಾಜಿನ ಅಂಗಡಿ ಇಡುವುದು ಎಂದು ಮಾತಾಗಿತ್ತು. ದಿನವೂ ಫೋನು. ಒಂದು ದಿನ ಅವನು ಇನ್ನೂ ಆರು ತಿಂಗಳು ಇಲ್ಲೇ ಇರುತ್ತೇನೆ ಎಂದ. ಮಗಳಿಗೆ ಸಿಟ್ಟು ಬಂತು. “ಹಾಗಾದ್ರೆ ಅಲ್ಲೇ ಇರು,” ಎಂದು ಫೋನು ಇಟ್ಟುಬಿಟ್ಟಳು. ಮತ್ತೆ ಅವನು ಮಾಡಿದಾಗ ಎತ್ತಲಿಲ್ಲ. ನಾಳೆ ಎತ್ತಿದರಾಯಿತು, ಸ್ವಲ್ಪ ಬೇಯಲಿ ಎಂದುಕೊಂಡಳು. ಗಂಡ ಹೆಂಡತಿಯ ನಡುವೆ ಇದೆಲ್ಲ ಇದ್ದದ್ದೇ.

ಮರುದಿನ ಅವನು ಹಾಸಿಗೆಯಿಂದ ಏಳಲಿಲ್ಲ. ಜೊತೆಯವರು ಎಬ್ಬಿಸಿದರು, ಮೈ ತಣ್ಣಗಿತ್ತು. ಎದೆ ನಿಂತುಹೋಗಿದೆ ಎಂದರು ವೈದ್ಯರು. ಮೂವತ್ತು ದಾಟಿರಲಿಲ್ಲ.

ಸುದ್ದಿ ಬಂದ ದಿನ ನಿಧಾನಣ್ಣ ಅತ್ತನೋ ಬಿಟ್ಟನೋ ಯಾರೂ ನೋಡಲಿಲ್ಲ. ಕಾಗದಪತ್ರದ ಕೆಲಸವೆಲ್ಲ ಅವನ ಮೈಮೇಲೆ ಬಂದಿತ್ತು. ಎಲ್ಲಿ ಯಾವ ಮುದ್ರೆ ಬೇಕು, ಯಾವ ಕಿಟಕಿಯಲ್ಲಿ ಯಾರನ್ನು ಹಿಡಿಯಬೇಕು ಎಂಬುದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಬೀಗಿತ್ತಿ ಮೊದಲ ಬಾರಿಗೆ ಅವನ ಮುಖ ನೋಡಿ ಮಾತಾಡಿದಳು: “ನಮ್ಮವನನ್ನ ಬೇಗ ತರಿಸಿ ಬೀಗರೇ. ನಿಮ್ಮ ಕೈಲಾಗುತ್ತೆ.” ಮಗಳು ಕೇಳಿದ್ದು ಒಂದೇ. “ಅಪ್ಪ, ಮುಖ ನೋಡೋಕೆ ಸಿಗುತ್ತಲ್ಲ?”

“ಸಿಗುತ್ತೆ ಪುಟ್ಟಿ. ಪೆಟ್... ಅವನು ಬೇಗ ಬಂದ್ರೆ ಏನೂ ಆಗಿರಲ್ಲ. ಮಲಗಿದ ಹಾಗೇ ಇರ್ತಾನೆ.”

ವಿಮಾನ ಬರುವ ದಿನ ಬೆಳಗ್ಗೆ ನಿಧಾನಣ್ಣ ವ್ಯಾನನ್ನು ತೊಳೆದು, ಬೀಗಿತ್ತಿಯ ಮನೆಯ ಮುಂದೆಯೇ ತಂದು ನಿಲ್ಲಿಸಿದ. ಈ ಸಲ ಬೀದಿ ತುದಿ ಎಂದು ಯಾರೂ ಹೇಳಲಿಲ್ಲ. ಇಬ್ಬರನ್ನೂ ಕೂರಿಸಿಕೊಂಡು ಕಾರ್ಗೋ ಗೇಟಿಗೆ ಬಂದ. ಚಹಾದವಳು ಮೂರು ಲೋಟ ತಂದುಕೊಟ್ಟು ಹೋದಳು. ಕಾವಲಿನವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಈಗ ಫೋನು ಮಾಡುವ ಹೊತ್ತು. ನಿಧಾನಣ್ಣ ಶೆಡ್ಡಿನ ಮರೆಗೆ ಹೋಗಿ ಏಜೆಂಟನ ನಂಬರು ಒತ್ತಿದ. ಆ ಕಡೆ ಎತ್ತಿದರು.

“ಹೇಳಣ್ಣ.”

ವರ್ಷಗಟ್ಟಲೆ ಬಾಯಿ ಸವೆಯುವಷ್ಟು ಆಡಿದ ಮಾತು. ಪೆಟ್ಟಿಗೆ ಹತ್ತಿತಾ. ನಾಲಿಗೆಯ ತುದಿಯ ತನಕ ಬಂದದ್ದು ಅಲ್ಲೇ ನಿಂತಿತು. ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದ ಹುಡುಗ ಅವನ ಕಣ್ಣ ಮುಂದೆ ಬಂದು ನಿಂತಿದ್ದ. ಅವನನ್ನು ಪೆಟ್ಟಿಗೆ ಎಂದು ಹೇಗೆ ಕರೆಯುವುದು? ಅಳಿಯ ಹತ್ತಿದನಾ ಎಂದು ಕೇಳೋಣವೆಂದರೆ ಅದಕ್ಕೆ ಅರ್ಥವೇ ಇಲ್ಲ, ಹತ್ತುವವನು ಅವನಲ್ಲ. ಬೇರೆ ಮಾತು ಹುಡುಕಿದ, ಸಿಗಲಿಲ್ಲ. ಕೊನೆಗೆ ಬಾಯಿಂದ ಬಂದದ್ದು:

“ಊಟ ಆಯ್ತಾ?”

“ಈಗಿನ್ನೂ ತಿಂಡಿ ಹೊತ್ತಲ್ವಾ ಅಣ್ಣ. ಆಯ್ತು. ನಿಂದು?”

“ಹೂಂ.”

“ಮತ್ತೇನು?”

“ಏನಿಲ್ಲ. ಇಡ್ತೀನಿ.”

ಫೋನು ಇಟ್ಟ. ಇವನು ಗಾಡಿಯ ಕಡೆ ಬಂದಾಗ ಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದಳು. “ಹೊರಟಿತಾ ಅಪ್ಪ?” ಅವನು ಭೂಪಟ ತೆರೆದ. ಲೋಕದ ಜನರೆಲ್ಲ ನೋಡುವ ಆ ದೊಡ್ಡ ನಿಲ್ದಾಣದ ಇರುವೆಗಳ ಗುಂಪಿನಿಂದ ಒಂದು ಹಳದಿ ವಿಮಾನ ಬಿಡಿಸಿಕೊಂಡು, ನಮ್ಮ ಕಡೆಗೆ ಮೂತಿ ತಿರುಗಿಸಿತ್ತು. ನಂಬರು ಸರಿಯಾಗಿತ್ತು. ಇಷ್ಟು ಕಂಡ ಮೇಲೆ ಇನ್ನೇನು ಕೇಳುವುದು ಎಂದು ಅವನ ಮನಸ್ಸು ಅವನಿಗೇ ಸಮಾಧಾನ ಹೇಳಿತು.

“ಹೊರಟ,” ಎಂದ. ಫೋನನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಅವಳ ಕಡೆ ತಿರುಗಿಸಿದ.

ಬೀಗಿತ್ತಿ ಸ್ವಲ್ಪ ಹೊತ್ತು ನೋಡಿದಳು. “ಇಷ್ಟೇ ಇಷ್ಟು ಕಾಣ್ತಾನೆ,” ಎಂದಳು. ಆಮೇಲೆ ಇಳಿದು ಹೋಗಿ ಚಹಾದವಳ ಬೆಂಚಿನ ಮೇಲೆ ಕೂತಳು. ಸೊಸೆಗೆ ಜಾಗ ಮಾಡಿಕೊಟ್ಟಳು ಎಂದು ನಿಧಾನಣ್ಣನಿಗೆ ಅರ್ಥವಾಯಿತು. ಅವನೂ ಇಳಿದ.

ಮಗಳು ಫೋನಿನ ಹತ್ತಿರಕ್ಕೆ ಬಗ್ಗಿ ಮಾತಾಡತೊಡಗಿದಳು. ಮೊದಲು ಮೆಲ್ಲಗೆ, ಯಾರೋ ಕದ್ದು ಕೇಳುತ್ತಾರೇನೋ ಎನ್ನುವ ಹಾಗೆ. ಆಮೇಲೆ ಮನೆಯಲ್ಲಿ ಮಾತಾಡುವಂತೆಯೇ. ನಿಧಾನಣ್ಣ ದೂರ ನಿಂತರೂ ಗಾಳಿಗೆ ಅಷ್ಟಿಷ್ಟು ತೇಲಿ ಬಂತು. ಬಾಗಿಲಿಗೆ ಇನ್ನೂ ಬಣ್ಣ ಹೊಡೆಸಿಲ್ಲ, ಬಯ್ಯಬೇಡ. ಅತ್ತೆಯ ಮಂಡಿ ನೋವು ಜಾಸ್ತಿಯಾಗಿದೆ, ಹೇಳಿದರೆ ಕೇಳುವುದಿಲ್ಲ, ನೀನು ಹೇಳಬೇಕಿತ್ತು. ನೀನು ಫೋನು ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಕೈಯಲ್ಲೇ ಹಿಡಿದುಕೊಂಡಿದ್ದೆ. ಎತ್ತಲಿಲ್ಲ. ಕೇಳಿಸ್ತಾ ಇದೆಯಾ? ಎತ್ತಬಹುದಿತ್ತು, ಎತ್ತಲಿಲ್ಲ.

ವಿಮಾನ ನೀರಿನ ಮೇಲೆ ಬಂತು. ಅವಳ ಮಾತು ನಿಲ್ಲಲಿಲ್ಲ. ಅತ್ತಳು, ಮೂಗು ಒರೆಸಿಕೊಂಡಳು, ಒಮ್ಮೆ ನಕ್ಕಳು ಕೂಡ. ಮಧ್ಯಾಹ್ನ ತಿರುಗುವ ಹೊತ್ತಿಗೆ ಹಳದಿ ವಿಮಾನ ನಮ್ಮ ನಿಲ್ದಾಣದ ಮೇಲೆ ಬಂದು, ಒಂದು ಸುತ್ತು ಹಾಕಿ, ಇಳಿಯಿತು. ನಿಜದ ವಿಮಾನವೂ ಅವರ ತಲೆಯ ಮೇಲಿನಿಂದಲೇ ಗುಡುಗುತ್ತ ಹೋಯಿತು. ಮಗಳು ವ್ಯಾನಿನಿಂದ ಇಳಿದು ಬಂದಳು. ಮುಖ ಊದಿತ್ತು, ಆದರೆ ಹಗುರವಾಗಿತ್ತು. ಸುದ್ದಿ ಬಂದಾಗಿನಿಂದ ಮೊದಲ ಸಲ ಅವಳು ಚಹಾ ಕೇಳಿದಳು.

ಶೆಡ್ಡಿನ ಕಿಟಕಿಯಲ್ಲಿ ಗುಮಾಸ್ತ ಕಾಗದಗಳನ್ನು ಒಂದು ಸಲ ತಿರುವಿದ. ಇನ್ನೊಂದು ಸಲ ತಿರುವಿದ. ಒಳಗೆ ಹೋಗಿ ಬಂದ. ನಿಧಾನಣ್ಣನ ಕಣ್ಣು ತಪ್ಪಿಸಿ ಹೇಳಿದ:

“ಅಣ್ಣ, ಬಂದಿಲ್ಲ.”

“ಏನು ಬಂದಿಲ್ಲ?”

“ಕಾಗದ ಬಂದಿದೆ. ಪೆಟ್ಟಿಗೆ ಬಂದಿಲ್ಲ. ಅಲ್ಲೇ ಇಳಿಸಿದ್ದಾರೆ. ಬೆಳಗ್ಗೆ ಕೇಳಿದ್ಯಲ್ಲ ನೀನು, ಯಾವಾಗ್ಲೂ ಕೇಳ್ತೀಯಲ್ಲ?”

ನಿಧಾನಣ್ಣ ಹೊರಗೆ ಬಂದು ಏಜೆಂಟನಿಗೆ ಫೋನು ಮಾಡಿದ. ಈ ಸಲ ಮಾತು ತಡೆಯಲಿಲ್ಲ. ಆ ಕಡೆಯವನು ಓಡಿ ಹೋಗಿ ನೋಡಿ ಬಂದು, ಏದುಸಿರಿನಲ್ಲಿ ಹೇಳಿದ: “ಇಲ್ಲೇ ಇದೆ ಅಣ್ಣ, ಗೋಡೆ ಪಕ್ಕ. ಸೂಟ್‌ಕೇಸು ಜಾಸ್ತಿ ಆಯ್ತು ಅಂತ ಬೆಳಗ್ಗೇನೇ ಇಳಿಸಿಬಿಟ್ಟಿದ್ದಾರೆ.”

“ಸಂಜೆ ಇನ್ನೊಂದು ಕಂಪನಿಯ ವಿಮಾನ ಇದೆಯಲ್ಲ. ಅದಕ್ಕೆ ಹಾಕಿಸು.”

“ಬೆಳಗ್ಗೆ ಹೇಳಿದ್ರೆ ಕಾಗದ ಬದಲಿಸಿ ಹಾಕಿಸ್ತಿದ್ದೆ. ಈಗ ಆಫೀಸು ಮುಚ್ಚಿಬಿಟ್ರು. ಇವತ್ತು ಅರ್ಧ ದಿನ, ನಾಳೆಯಿಂದ ಸಾಲು ರಜೆ. ಶೆಡ್ಡು ತೆಗೆಯೋದು ಇನ್ನು ಬರೋ ವಾರವೇ.” ಆಮೇಲೆ ಅವನೇ ಹೇಳಿದ: “ನೀನು ಕೇಳಲೇ ಇಲ್ಲವಲ್ಲ ಅಣ್ಣ. ಊಟ ಆಯ್ತಾ ಅಂದೆ. ಈ ಸಲದ್ದು ನಿನ್ನ ಗಾಡಿಗಲ್ಲವೇನೋ ಅಂದ್ಕೊಂಡೆ. ಯಾರದು ಇದು?”

“ನನ್ನ ಅಳಿಯ.”

“ಅಯ್ಯೋ ಅಣ್ಣ, ನನಗೆ ಗೊತ್ತಿರಲಿಲ್ಲ.”

“ತಣ್ಣನೆ ಕೋಣೆಗಾದ್ರೂ ಹಾಕಿಸು,” ಎಂದ ನಿಧಾನಣ್ಣ.

“ತುಂಬಿದೆ. ಕೇಳ್ತೀನಿ, ಕಾಲು ಹಿಡೀತೀನಿ. ಮಾತು ಕೊಡಲಾರೆ.”

ಈಗ ವ್ಯಾನಿನ ಹತ್ತಿರ ಹೋಗಬೇಕಿತ್ತು. ಅಲ್ಲಿಂದ ಇಲ್ಲಿಗೆ ಕಲ್ಲೆಸೆತದ ದೂರ. ಅವನ ನಿಧಾನವನ್ನು ಆಡಿಕೊಳ್ಳುತ್ತಿದ್ದ ಕಾವಲಿನವನು ಆ ದಿನ ಅವನು ಹೋದ ರೀತಿ ನೋಡಲಾರದೆ ಬೆನ್ನು ತಿರುಗಿಸಿದನಂತೆ.

ನಿಧಾನಣ್ಣ ಸುತ್ತುಬಳಸು ಮಾಡಲಿಲ್ಲ. ವಿಮಾನ ಬಂದಿದೆ, ಅವನು ಬಂದಿಲ್ಲ, ಸೂಟ್‌ಕೇಸು ಜಾಸ್ತಿಯಾಯಿತೆಂದು ಅಲ್ಲೇ ಇಳಿಸಿದ್ದಾರೆ, ಬೆಳಗ್ಗೆಯೇ ಕೇಳಬೇಕಿತ್ತು, ಕೇಳಲಿಲ್ಲ ಎಂದ.

ಮಗಳು ಕೈಯಲ್ಲಿದ್ದ ಲೋಟವನ್ನು ಬೆಂಚಿನ ಮೇಲಿಟ್ಟಳು. “ಅಂದ್ರೆ, ಅದರಲ್ಲಿ ಇರಲಿಲ್ವಾ?”

“ಇರಲಿಲ್ಲ.”

“ನೀರಿನ ಮೇಲೆ ಬಂದಾಗಲೂ?”

“ಇಲ್ಲ ಪುಟ್ಟಿ.”

ಅವಳು ಆಕಾಶದ ಕಡೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಮಾತಾಡಿದವಳು ಬೀಗಿತ್ತಿ. ಅವಳ ದನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚಿತು. “ಊರಿಗೆಲ್ಲ ಅವರವರ ಮಕ್ಕಳನ್ನ ತಂದುಕೊಡ್ತೀರಿ ಬೀಗರೇ. ನನ್ನ ಮಗನ್ನ ಕೇಳೋಕೆ ಒಂದು ಮಾತು ಬರಲಿಲ್ವಾ ನಿಮಗೆ?”

ಬರಲಿಲ್ಲ. ಅದೇ ನಿಜ. ಆದರೆ ಅದನ್ನು ಯಾರಿಗೆ ಹೇಳಿ ಒಪ್ಪಿಸುವುದು?

ಮುಂದಿನ ದಿನಗಳು ಹೇಗೆ ಕಳೆದವು ಎಂದು ವಿವರಿಸುವುದು ಬೇಡ. ಬಂದ ನೆಂಟರು ಒಂದು ದಿನ ಕಾದರು, ಎರಡು ದಿನ ಕಾದರು, ಕೆಲಸವಿದೆ ಎಂದು ಒಬ್ಬೊಬ್ಬರೇ ಎದ್ದರು. ಮಣ್ಣು ಮಾಡಲು ಅಗೆದಿಟ್ಟ ಗುಂಡಿಯ ಮೇಲೆ ತಗಡು ಮುಚ್ಚಿದರು. ಮಗಳು ಕಾರ್ಖಾನೆಗೆ ಹೋಗಲಿಲ್ಲ, ಮನೆಯಲ್ಲಿ ಬಾಗಿಲಿಗೆ ಬಣ್ಣ ಹೊಡೆದಳು. ನಿಧಾನಣ್ಣ ದಿನವೂ ಫೋನು ಮಾಡುತ್ತಿದ್ದ, ಏಜೆಂಟ್ ದಿನವೂ ಶೆಡ್ಡಿನ ಬೀಗದ ವಿಷಯ ಹೇಳುತ್ತಿದ್ದ. ಅಲ್ಲಿ ಬಿಸಿಲು ಹೇಗಿದೆ ಎಂದು ಇವನು ಕೇಳುತ್ತಿರಲಿಲ್ಲ, ಅವನು ಹೇಳುತ್ತಿರಲಿಲ್ಲ.

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಪೆಟ್ಟಿಗೆ ಬಂತು. ಅಂದು ಯಾರೂ ಭೂಪಟ ನೋಡಲಿಲ್ಲ.

ಶೆಡ್ಡಿನ ಒಳಗೆ ಕಾಗದ ಪರಿಶೀಲಿಸುವ ಒಂದು ಸಣ್ಣ ಕೋಣೆ. ಪೆಟ್ಟಿಗೆಯ ಮುಚ್ಚಳದಲ್ಲಿ ಮುಖದ ಜಾಗಕ್ಕೆ ಅಂಗೈ ಅಗಲದ ಒಂದು ಕಂಡಿ ಇರುತ್ತದೆ, ನಾಲ್ಕು ಮೊಳೆ ತೆಗೆದರೆ ತೆರೆಯುತ್ತದೆ. ತೆಗೆದು ನೋಡಿ, ಮನೆಯವರು ನೋಡಬಹುದೇ ಬಾರದೇ ಎಂದು ಹೇಳುವವನು ಯಾವಾಗಲೂ ನಿಧಾನಣ್ಣನೇ. ಅಂದೂ ಅವನೇ ಒಳಗೆ ಹೋದ. ಮೊಳೆ ತೆಗೆದ. ನೋಡಿದ. ಮತ್ತೆ ಮುಚ್ಚಿದ.

ಹೊರಗೆ ಬಂದಾಗ ಮಗಳು ಬಾಗಿಲಿನ ಎದುರಿಗೇ ನಿಂತಿದ್ದಳು. “ನೋಡಬಹುದಾ ಅಪ್ಪ?”

ಇಂಥ ಹೊತ್ತಿಗೆಂದೇ ಅವನ ಹತ್ತಿರ ಒಂದು ಮಾತಿತ್ತು. ಬೇಡಿ, ನಿಮ್ಮ ನೆನಪಿನಲ್ಲಿರೋ ಮುಖವೇ ಇರಲಿ, ಚೆನ್ನಾಗಿತ್ತಲ್ಲ ಅದು. ಎಷ್ಟೋ ಮನೆಯವರು ಈ ಮಾತು ಕೇಳಿ, ಇವನ ಕೈ ಹಿಡಿದು, ನಂಬಿ ಹೋಗಿದ್ದರು. ಆದರೆ ಮಗಳು ಮುಂದಿನ ಸೀಟಿನಲ್ಲಿ ಮನೆಪಾಠ ಬರೆಯುತ್ತ ಆ ಮಾತನ್ನು ಕೇಳಿ ಬೆಳೆದವಳು. ಅದರ ಹಿಂದೆ ಏನಿರುತ್ತದೆ ಎಂದು ಅವಳಿಗೆ ಗೊತ್ತು. ಅವಳಿಗೆ ಆ ಮಾತು ಹೇಳುವಂತಿಲ್ಲ. ಬೇರೆ ಮಾತು ಅವನಲ್ಲಿ ಇರಲಿಲ್ಲ.

ಅವನು ಸುಮ್ಮನೆ ನಿಂತದ್ದನ್ನು ಬೀಗಿತ್ತಿ ನೋಡಿದಳು. ಮಂಡಿಯ ಮೇಲೆ ಕೈಯೂರಿ ಎದ್ದಳು. “ಸರಿಯಿರಿ,” ಎಂದಳು.

“ಅಕ್ಕ, ಬೇಡ. ನನ್ನ ಮಾತು ಕೇಳಿ.”

“ಹೆತ್ತಾಗಲೂ ರಕ್ತದಲ್ಲಿ ಮುಳುಗಿದ್ದ. ಆಗ ಯಾರೂ ಬೇಡ ಅನ್ನಲಿಲ್ಲ. ಸರಿಯಿರಿ ನೀವು.”

ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಗುಮಾಸ್ತ ಮುದ್ರೆ ಒತ್ತುವುದನ್ನು ನಿಲ್ಲಿಸಿದ್ದ. ತುಂಬ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಅವಳು ಹೊಸ್ತಿಲಲ್ಲೇ ಗೋಡೆ ಹಿಡಿದು ನಿಂತಳು.

“ನೀನು ಹೋಗಬೇಡ,” ಎಂದಳು ಸೊಸೆಗೆ.

“ಹೇಗಿದ್ದಾರೆ ಅತ್ತೆ?”

“ಹೋಗಬೇಡ ಅಂದೆನಲ್ಲ.”

“ಅವರೇನಾ?”

“ಹಲ್ಲು ನೋಡಿದೆ. ಅವನೇ.”

ಸೊಸೆ ಅತ್ತೆಯನ್ನು ದಾಟಿ ಒಳಗೆ ಹೋಗಲಿಲ್ಲ. ಅಪ್ಪನ ಕಡೆ ತಿರುಗಿದಳು. “ಅವತ್ತು ಬೆಳಗ್ಗೆ ನೀನು ಕೇಳಿದ್ದಿದ್ರೆ ನಾನು ನೋಡಬಹುದಿತ್ತಾ?”

ಇಲ್ಲ ಎನ್ನಬಹುದಿತ್ತು. ಆ ನಿಲ್ದಾಣದಲ್ಲಿ ಹೀಗೆಲ್ಲ ಆಗುತ್ತದೆ, ಕೇಳಿದ್ದರೂ ಆಗುತ್ತಿತ್ತು ಎಂದಿದ್ದರೆ ಕಾಗದ ತೆಗೆದು ನೋಡುವವರು ಯಾರೂ ಇರಲಿಲ್ಲ. ನಿಧಾನಣ್ಣ ಹೇಳಿದ: “ನೋಡಬಹುದಿತ್ತು. ಸಂಜೆ ವಿಮಾನಕ್ಕೆ ಹಾಕಿಸ್ತಿದ್ದೆ. ಮಾರನೇ ದಿನ ನೋಡಬಹುದಿತ್ತು.”

ಅವಳು ತಲೆಯಾಡಿಸಿದಳು. ಕಾರ್ಖಾನೆಯಲ್ಲಿ ಯಾರಾದರೂ ಅಳತೆ ಹೇಳಿದರೆ ಆಡಿಸುವ ಹಾಗೆ.

ವ್ಯಾನಿನ ಹಿಂಭಾಗದಲ್ಲಿ ಪೆಟ್ಟಿಗೆಯ ಪಕ್ಕ ಒಂದು ಕಿರಿದಾದ ಬೆಂಚು. ಸೊಸೆ ಅಲ್ಲಿ ಕೂತಳು. ಬೀಗಿತ್ತಿಗೆ ಮಂಡಿ ಮಡಿಸಲು ಆಗದ್ದರಿಂದ ಮುಂದಿನ ಸೀಟಿನಲ್ಲಿ, ನಿಧಾನಣ್ಣನ ಪಕ್ಕ ಕೂರಬೇಕಾಯಿತು. ಮುಖ್ಯ ರಸ್ತೆಗೆ ಬಂದ ಮೇಲೆ ಒಂದು ಗುಂಡಿ ಸಿಕ್ಕಿತು. ಅವನು ನಿಲ್ಲಿಸಿ, ಒಂದೊಂದೇ ಚಕ್ರ ಇಳಿಸಿದ.

“ಹೀಗೇ ಓಡಿಸ್ತೀರಾ ಎಲ್ಲರಿಗೂ?” ಎಂದು ಕೇಳಿದಳು.

“ಹೂಂ ಅಕ್ಕ.”

ಅವಳ ಮಾತು ಮೆಚ್ಚುಗೆಯೋ, ಇದೊಂದು ಬರುತ್ತದೆ ನಿಮಗೆ ಎಂಬ ಕೊಂಕೋ, ಅವನಿಗೆ ತಿಳಿಯಲಿಲ್ಲ. ಇಂದಿಗೂ ತಿಳಿದಿಲ್ಲ.

ಮಣ್ಣು ಮಾಡುವಾಗ ಬೀಗಿತ್ತಿ ಗುಂಡಿಯ ಅಂಚಿನಲ್ಲಿ ಕುಸಿದು ಕೂತು ಅತ್ತಳು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುತ್ತ, ಹೋಗಿ ಬಾ ಎಂದೋ, ಇನ್ನೇನೋ, ತಮ್ಮ ತಮ್ಮ ಮಾತು ಹೇಳಿದರು. ಮಗಳ ಸರದಿ ಬಂತು. ಅವಳು ಮಣ್ಣು ಹಿಡಿದುಕೊಂಡು ನಿಂತಳು. ತುಟಿ ಅಲುಗಲಿಲ್ಲ, ಕಣ್ಣು ಒದ್ದೆಯಾಗಲಿಲ್ಲ. ಹಿಂದಿನವರು ಕಾದರು. ಕೊನೆಗೆ ಕೈ ಬಿಚ್ಚಿ ಮಣ್ಣು ಬಿಟ್ಟು, ಪಕ್ಕಕ್ಕೆ ಸರಿದಳು. ಗಟ್ಟಿ ಹೆಣ್ಣು ಎಂದರು ನೆಂಟರು. ಇನ್ನೊಬ್ಬಳು, ಗಟ್ಟಿಯೋ, ಕಲ್ಲೋ, ಎಂದು ಪಿಸುಗುಟ್ಟಿದಳು.

ಎಲ್ಲರೂ ಹೋದ ಮೇಲೆ, ಇನ್ನೂ ಬೆಳಕಿರುವಾಗಲೇ, ಅಪ್ಪ ಮಗಳು ಮನೆಯ ಮೆಟ್ಟಿಲ ಮೇಲೆ ಕೂತರು. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

“ಬೈದುಬಿಡು ಪುಟ್ಟಿ,” ಎಂದ ನಿಧಾನಣ್ಣ. “ಏನಾದ್ರೂ ಹೇಳು.”

“ನಿನ್ನ ಮೇಲೆ ಸಿಟ್ಟಿಲ್ಲ ಅಪ್ಪ. ನೀನು ಯಾಕೆ ಕೇಳಲಿಲ್ಲ ಅಂತ ಗೊತ್ತು. ನನಗೂ ಆಗ್ತಿರಲಿಲ್ಲ.” ಬೆರಳಿಗೆ ಅಂಟಿದ್ದ ಮಣ್ಣನ್ನು ಉಜ್ಜಿಕೊಂಡಳು. “ಅವತ್ತು ಗಾಡೀಲಿ ಕೂತು ಎಲ್ಲಾ ಹೇಳಿದ್ನಲ್ಲ. ಫೋನು ಎತ್ತಲಿಲ್ಲ ಅಂತ, ಎಲ್ಲಾ. ಇವತ್ತು ಅಲ್ಲಿ ನಿಂತಾಗ ಅದನ್ನೇ ಇನ್ನೊಂದು ಸಲ ಹೇಳೋಣ ಅಂತ ನೋಡಿದೆ. ಬರಲಿಲ್ಲ. ಒಂದೂ ಬರಲಿಲ್ಲ. ಎಲ್ಲಾ ಆ ಸೂಟ್‌ಕೇಸುಗಳಿಗೆ ಹೇಳಿ ಮುಗಿಸಿಬಿಟ್ಟಿದ್ದೀನಿ.”

ನಿಧಾನಣ್ಣ ಅವಳ ತಲೆಯ ಮೇಲೆ ಕೈಯಿಡಲು ಹೋಗಿ, ಅರ್ಧಕ್ಕೇ ನಿಲ್ಲಿಸಿದ. ಒಳಗಿನಿಂದ ಬೀಗಿತ್ತಿ ಕೆಮ್ಮಿದ್ದು ಕೇಳಿತು. ಮಗಳು ಎದ್ದು, ಅತ್ತೆಗೆ ನೀರು ಕೊಡಲು ಹೋದಳು.